ನಾಲ್ಕು ಬೆರಳು ಹಸಿರು

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಹೆಂಡತಿಯನ್ನು ಏಳರ ರೈಲಿಗೆ ಹತ್ತಿಸಿ ಬಂದೆ. ಅವಳ ಆಸ್ಪತ್ರೆಯ ಲ್ಯಾಬಿಗೆ ಹೊಸ ಯಂತ್ರ ಬಂದಿದೆ. ಅದನ್ನು ಪಳಗಿಸುವ ವಿದ್ಯೆ ಕಲಿತು ಬರಲು ಆರು ವಾರ ಬೇಕಂತೆ. ಹೊರಡುವಾಗ ಈ ಪುಸ್ತಕ ಕೈಗಿಟ್ಟಳು. ಮೊದಲ ಮೂರು ಪುಟಗಳಲ್ಲಿ ಗ್ಯಾಸಿನವನ ನಂಬರು, ಜ್ವರದ ಔಷಧಿಯ ಅಳತೆ, ಯಾವ ಬಟ್ಟೆಯನ್ನು ಯಾವುದರ ಜೊತೆ ನೆನೆಸಬಾರದು ಎಂಬುದೆಲ್ಲ ಇದೆ. ಇಪ್ಪತ್ತೆರಡು ವರ್ಷ ನೂಲಿಗೆ ಬಣ್ಣ ಹಾಕಿದವನಿಗೆ ಬಟ್ಟೆ ನೆನೆಸುವ ಪಾಠ! ಕೊನೆಯಲ್ಲಿ ಕೆಂಪು ಶಾಯಿಯ ಒಂದು ಸಾಲು: ‘ಇಬ್ಬರನ್ನೂ ಒಟ್ಟಿಗೆ ಬೈಯಬೇಡಿ.’ ಅವಳಿ ಮಕ್ಕಳು, ಹದಿಮೂರು ವರ್ಷ, ತಪ್ಪು ಮಾಡುವುದೇ ಒಟ್ಟಿಗೆ. ಬೈಗುಳ ಮಾತ್ರ ಬಿಡಿಬಿಡಿಯಾಗಿ ಹಂಚಬೇಕೆಂದರೆ ಹೇಗೆ? ಉಳಿದ ಪುಟಗಳು ಖಾಲಿ ಇವೆ. ದಂಡವಾಗಬಾರದೆಂದು ಬರೆಯುತ್ತಿದ್ದೇನೆ.

ಅಮ್ಮನ ರೈಲು ಮುಂದಿನ ನಿಲ್ದಾಣ ಮುಟ್ಟಿತ್ತೋ ಇಲ್ಲವೋ, ಎರಡೂ ಬಂದು ನನ್ನ ಮುಂದೆ ನಿಂತವು. ಕೈ ಕಟ್ಟಿಕೊಂಡಿದ್ದವು. ಅಷ್ಟು ವಿನಯ ನೋಡಿದಾಗಲೇ ಏನೋ ಕಾದಿದೆ ಅನ್ನಿಸಿತು.

‘ಅಪ್ಪಾ, ಕೂದಲಿಗೆ ಬಣ್ಣ ಹಾಕಿಸ್ಕೋಬೇಕು. ನೀಲಿ.’

ಆಗುವುದಿಲ್ಲ ಅಂದೆ. ದಿನವಿಡೀ ಬಣ್ಣದ ತೊಟ್ಟಿಯ ಮುಂದೆ ನಿಂತು ಬರುವವನು ನಾನು, ಮನೆಯಲ್ಲಾದರೂ ಕಣ್ಣಿಗೆ ವಿಶ್ರಾಂತಿ ಬೇಡವೇ ಎಂದೆ. ನಿನ್ನ ಉಗುರು ಮಾತ್ರ ನೀಲಿ ಇರಬಹುದಾ ಎಂದು ಒಬ್ಬಳು ಕೇಳಿದಳು. ಯಾವಳು ಎಂದು ನೋಡುವಷ್ಟರಲ್ಲಿ ಎರಡೂ ಬಾಯಿ ಮುಚ್ಚಿಕೊಂಡಿದ್ದವು.

ಮಾರ್ಚ್ 5, ಮಂಗಳವಾರ

ಇವತ್ತು ಹದಿನಾಲ್ಕು ಸಲ ‘ಇಲ್ಲ’ ಅಂದೆ. ಹದಿನೈದನೆಯದು ನಿದ್ದೆಯಲ್ಲಿ ಬರುತ್ತದೇನೋ.

ಮಾರ್ಚ್ 6, ಬುಧವಾರ

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಮುಚ್ಚಳದ ಒಳಗೆ ಮಡಚಿದ ಕಾಗದ. ಮನವಿಪತ್ರ! ಐದು ಅಂಶ, ಕೆಳಗೆ ಇಬ್ಬರ ಸಹಿ. ಎರಡನೇ ಅಂಶ ಹೀಗಿತ್ತು: ‘ಶಾಲೆಯ ನಿಯಮದಲ್ಲಿ ಕೂದಲು ಕಟ್ಟಿರಬೇಕು ಎಂದಿದೆ. ಯಾವ ಬಣ್ಣದ್ದೆಂದು ಹೇಳಿಲ್ಲ.’ ನಾಲ್ಕನೆಯದು: ‘ನಮ್ಮ ತಂದೆ ಇಡೀ ಊರಿನ ದಾರಕ್ಕೆ ಬಣ್ಣ ಹಾಕುತ್ತಾರೆ. ಮಕ್ಕಳಿಗೆ ಮಾತ್ರ ಇಲ್ಲ.’

ಕಣ್ಣಲ್ಲಿ ನೀರು ತರಿಸುವ ಬರವಣಿಗೆ, ಆದರೆ ಮೂರನೇ ಅಂಶ ತಪ್ಪು. ಕಪ್ಪಿನ ಮೇಲೆ ನೀಲಿ ಹತ್ತುವುದಿಲ್ಲ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೊದಲು ಬ್ಲೀಚ್ ಹಾಕಿ ಕಪ್ಪು ಇಳಿಸಬೇಕು, ಆಮೇಲೆ ಬಣ್ಣ ಏರಿಸಬೇಕು ಎಂದು ಕೆಳಗೆ ಬರೆದು, ಸಂಜೆ ಮೇಜಿನ ಮೇಲಿಟ್ಟೆ. ಇಷ್ಟೆಲ್ಲ ರಗಳೆ ಅಂತ ಗೊತ್ತಾದರೆ ತಣ್ಣಗಾಗುತ್ತವೆ ಅಂದುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ತಿದ್ದಿದ ಮನವಿ ಬಂತು. ‘ತಮ್ಮ ಅಮೂಲ್ಯ ಸಲಹೆಯಂತೆ ಮೊದಲು ಬ್ಲೀಚ್...’ ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ.

ಮಾರ್ಚ್ 7, ಗುರುವಾರ

ಯಾರೂ ಓದದ ಪುಸ್ತಕವಾದ್ದರಿಂದ ಒಂದು ವಿಷಯ ಬರೆದುಬಿಡುತ್ತೇನೆ. ಬಾಯಿಬಿಟ್ಟು ಹೇಳುವ ಧೈರ್ಯವಂತೂ ಇಲ್ಲ.

ನನ್ನ ಮಕ್ಕಳಲ್ಲಿ ಯಾರು ಯಾರೆಂದು ನನಗೆ ಗೊತ್ತಾಗುವುದಿಲ್ಲ.

ಕಾರ್ಖಾನೆಯಲ್ಲಿ ಕಪ್ಪಿನಲ್ಲೇ ಹದಿನೇಳು ಬಗೆ ಗುರುತಿಸುತ್ತೇನೆ. ಮ್ಯಾನೇಜರು ಹೊರಗಿನವರಿಗೆಲ್ಲ ನನ್ನನ್ನು ತೋರಿಸಿ ಮೆರೆಯುತ್ತಾರೆ. ಮನೆಗೆ ಬಂದರೆ ಎರಡು ಜಡೆ, ಎರಡು ಮೂಗು, ಎಲ್ಲ ಒಂದೇ ತೊಟ್ಟಿಯಲ್ಲಿ ಅದ್ದಿ ತೆಗೆದ ಹಾಗೆ. ಹನ್ನೊಂದು ನಿಮಿಷ ಮೊದಲು ಹುಟ್ಟಿದ ದೊಡ್ಡವಳು ಎರಡು ವರ್ಷದವಳಿದ್ದಾಗ ಸ್ಟೂಲಿನಿಂದ ಬಿದ್ದಳು. ಗದ್ದದ ಕೆಳಗೆ ಅಕ್ಕಿಕಾಳಿನಷ್ಟು ಗುರುತು ಉಳಿದಿದೆ. ಅದೊಂದೇ ನನಗೆ ಆಧಾರ. ಅದು ಕಾಣಬೇಕಾದರೆ ಅವಳು ತಲೆ ಎತ್ತಬೇಕು. ಅದಕ್ಕೇ ನಾನು ಛಾವಣಿ ತೋರಿಸಿ ‘ಅಯ್ಯೋ, ಜೇಡ’ ಅನ್ನುತ್ತೇನೆ. ಎರಡೂ ಮೇಲೆ ನೋಡುತ್ತವೆ, ನಾನು ಗದ್ದ ನೋಡುತ್ತೇನೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ. ಹೆಂಡತಿ ಇದ್ದಾಗ ಇಷ್ಟು ಕಷ್ಟವಿರಲಿಲ್ಲ, ಅವಳು ಕರೆಯುವುದನ್ನು ಕೇಳಿಸಿಕೊಂಡು ನಡೆದುಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಬಚ್ಚಲಿನ ನಲ್ಲಿ ತೆರೆದಿಟ್ಟವಳಿಗೆ ಬೈಯುವ ಭರದಲ್ಲಿ ಜೇಡ ಮರೆತೆ. ಬೈದದ್ದು ಇನ್ನೊಬ್ಬಳಿಗೆ. ಅವಳು ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡು, ಕೊನೆಗೆ ‘ಅವಳಿಗೆ ಹೇಳ್ತೀನಿ’ ಎಂದು ಹೋದಳು.

ಮಾರ್ಚ್ 9, ಶನಿವಾರ

ಶನಿವಾರ ಎರಡೂ ಕ್ರೀಡಾಂಗಣಕ್ಕೆ ಹೋಗುತ್ತವೆ. ದೊಡ್ಡವಳಿಗೆ ಈಜು, ಸಣ್ಣವಳಿಗೆ ಪಕ್ಕದ ಕಟ್ಟಡದಲ್ಲಿ ಚಿತ್ರ. ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಇಬ್ಬರೂ ತಲೆ ಒಣಗಿಸಿ ಜಡೆ ಹಾಕಿ ಕೂತಿರುತ್ತಾರೆ. ಜೇಡ ತೋರಿಸಿ ದೊಡ್ಡವಳನ್ನು ಹಿಡಿದು, ಈಜು ಹೇಗಾಯಿತೆಂದು ಕೇಳಿದೆ. ಬೆನ್ನ ಮೇಲೆ ಈಜುವಾಗ ಎಡಭುಜ ಇಳಿಯುತ್ತೆ ಎಂದು ಕೋಚ್ ಬೈದರಂತೆ. ಗೋಡೆ ಮುಟ್ಟಿ ತಿರುಗುವುದರ ಬಗ್ಗೆ ಉದ್ದ ವಿವರಣೆ ಕೊಟ್ಟಳು. ಸಣ್ಣವಳು ಸೋಫಾದಲ್ಲಿ ಕೂತು ಪುಸ್ತಕ ನೋಡುತ್ತಿದ್ದಳು. ಜನವರಿ ಸ್ಪರ್ಧೆಯಲ್ಲಿ ಎರಡನೆಯವಳಾಗಿ ಬಂದಾಗ ದೊಡ್ಡವಳಿಗೆ ನೀರಿಗೆ ಕೆಡದ ಗಡಿಯಾರ ಕೊಡಿಸಿದ್ದೆ. ಇವತ್ತು ಕೈಯಲ್ಲಿ ಇರಲಿಲ್ಲ. ಕೇಳಿದರೆ ‘ಜೋಪಾನವಾಗಿದೆ’ ಅಂದಳು.

ಆಮೇಲೆ ಮತ್ತೆ ನೀಲಿಯ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಮ್ಮ ಕಾರ್ಖಾನೆಯ ಕಾನೂನನ್ನು ಅವರ ಮುಂದಿಟ್ಟೆ. ಸ್ಯಾಂಪಲ್ ನೋಡದೆ ಒಂದು ಲಡಿ ನೂಲನ್ನೂ ತೊಟ್ಟಿಗೆ ಇಳಿಸುವಂತಿಲ್ಲ. ಹತ್ತು ಸಲ ಒಗೆಯಬೇಕು, ಬಿಸಿಲಿಗೆ ಇಡಬೇಕು, ಬಣ್ಣ ನಿಂತರೆ ಮಾತ್ರ ಒಪ್ಪಿಗೆ. ಇಬ್ಬರೂ ಬೆಂಕಿಕಡ್ಡಿ ದಪ್ಪ ಕೂದಲು ಕೊಡಿ, ಹತ್ತು ದಿನ ಪರೀಕ್ಷೆ ಮಾಡೋಣ ಅಂದೆ. ಹತ್ತು ದಿನದಲ್ಲಿ ಆಸೆ ಆರಿಹೋಗುತ್ತದೆ ಅನ್ನುವುದು ನನ್ನ ಲೆಕ್ಕಾಚಾರ. ಎರಡೂ ಕುಣಿದಾಡಿದವು. ಯಾಕೋ ನನ್ನ ಲೆಕ್ಕಾಚಾರದ ಮೇಲೇ ಅನುಮಾನ ಬಂತು.

ಮಾರ್ಚ್ 10, ಭಾನುವಾರ

ಕಿವಿಯ ಹಿಂದಿನಿಂದ ಕತ್ತರಿಸಿದೆ. ಬಿಳಿ ದಾರ ಕಟ್ಟಿ, ದೊಡ್ಡವಳದಕ್ಕೆ ಒಂದು, ಸಣ್ಣವಳದಕ್ಕೆ ಎರಡು ಎಂದು ಚೀಟಿ ಹಾಕಿದೆ. ಕತ್ತರಿಸುವ ಮುಂಚೆ ಜೇಡ ನೋಡಿಸಿದ್ದರಿಂದ ಚೀಟಿ ತಪ್ಪಾಗುವ ಪ್ರಶ್ನೆಯಿಲ್ಲ.

ಮಾರ್ಚ್ 11, ಸೋಮವಾರ

ಕಾರ್ಖಾನೆಯಲ್ಲಿ ಶೇಡ್ ನೋಡುವ ಪೆಟ್ಟಿಗೆಯಿದೆ. ಒಳಗೆ ನಾಲ್ಕು ದೀಪ: ಬಿಸಿಲಿನಂಥದ್ದು, ಅಂಗಡಿಯಂಥದ್ದು, ಮನೆಯಂಥದ್ದು, ಇನ್ನೊಂದು ನೇರಳೆ. ಊಟದ ಬಿಡುವಿನಲ್ಲಿ ಎರಡೂ ಕೂದಲನ್ನು ಅದರೊಳಗೆ ಪಕ್ಕಪಕ್ಕ ಇಟ್ಟೆ. ಒಂದೇ ಬಣ್ಣ, ಒಂದೇ ಲಾಟು ಎಂದು ಬರೆದು ಮುಗಿಸೋಣವೆಂದು ಪೆನ್ನೂ ತೆಗೆದಿದ್ದೆ.

ಬಿಸಿಲಿನ ದೀಪ ಹಾಕಿದ ಕೂಡಲೇ ಎರಡೂ ಬೇರೆಯಾದವು. ಒಂದನೆಯದು ತುಂಬು ಕಪ್ಪು, ಸ್ವಲ್ಪ ನೀಲಿಯ ಕಡೆಗೆ. ಎರಡನೆಯದರಲ್ಲಿ ತುದಿಯಿಂದ ತುಕ್ಕಿನ ಕೆಂಪು ಏರಿದೆ. ಮುಟ್ಟಿದರೆ ಒರಟು. ಇದು ಬಿಸಿಲಿನಿಂದ ಆದದ್ದಲ್ಲ, ಎಣ್ಣೆ ಸಾಲದೆಯೂ ಅಲ್ಲ. ಇದು ಕ್ಲೋರಿನ್. ಕ್ಲೋರಿನ್ ತಿಂದ ಕಪ್ಪು ನೂಲನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ತಿಂಗಳುಗಟ್ಟಲೆ ಈಜುಕೊಳದ ನೀರು ಕುಡಿದ ಕೂದಲು ಅದು. ಚೀಟಿ ನೋಡಿದೆ. ಎರಡು. ಸಣ್ಣವಳು.

ಚೀಟಿ ಅದಲುಬದಲಾಗಿದೆಯೇ ಎಂದು ಯೋಚಿಸಿದೆ. ಚೀಟಿ ತಪ್ಪಿದ್ದರೆ ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಹೊರಗೆ ಹೋಗಿ ಹೆಂಡತಿಗೆ ಫೋನು ಮಾಡಿದೆ. ಸುಮ್ಮನೆ ಕೇಳುವವನ ಹಾಗೆ, ಈಜಿಗೆ ಹಾಕಿದ್ದು ಯಾವಾಗಿನಿಂದ ಅಂದೆ. ಅಕ್ಟೋಬರಿಂದ ಅಂದಳು. ದೊಡ್ಡವಳಿಗೆ ನೀರು ಇಷ್ಟವಾಯಿತು ಅಲ್ಲವಾ ಅಂದೆ.

‘ದೊಡ್ಡವಳಾ? ಅವಳು ತಲೆಗೆ ನೀರು ಹಾಕ್ಕೊಳ್ಳೋದಕ್ಕೇ ಅಳ್ತಾಳಲ್ರೀ. ಈಜೋದು ಸಣ್ಣವಳು. ಯಾಕೆ ಕೇಳ್ತಿದ್ದೀರಿ?’

ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟೆ.

ಐದು ತಿಂಗಳಿಂದ ಪ್ರತಿ ಶನಿವಾರ ಈಜು ಹೇಗಾಯಿತೆಂದು ನಾನು ಕೇಳಿದ್ದು ಈಜದವಳನ್ನು. ಈಜಿದವಳು ಅದೇ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದಳು. ಗೆದ್ದವಳೆಂದು ಬೆನ್ನು ತಟ್ಟಿ ಗಡಿಯಾರ ಕಟ್ಟಿದ್ದೂ ಈಜದವಳಿಗೇ. ಆ ದಿನ ಸಣ್ಣವಳು ಕೈತಟ್ಟಿದ್ದು ನೆನಪಿದೆ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ನಾಲ್ಕು ದೀಪ ಇದ್ದವು. ತುಂಬಾ ನಾಚಿಕೆಯಾಯಿತು. ಮಧ್ಯಾಹ್ನ ಒಂದು ಲಾಟು ಬೂದು ಬಣ್ಣ ಕೆಡಿಸಿದೆ.

ಮಾರ್ಚ್ 12, ಮಂಗಳವಾರ

ಗಡಿಯಾರ ಸಣ್ಣವಳ ಕೈಯಲ್ಲಿದೆ. ಅಂಗಿಯ ತೋಳು ಎಳೆದು ಮುಚ್ಚಿಕೊಂಡಿದ್ದಾಳೆ. ನಾನು ನೋಡದವನ ಹಾಗೆ ಇದ್ದೆ.

ಮಾರ್ಚ್ 14, ಗುರುವಾರ

ಅಂಗಡಿಯಿಂದ ತಲೆಗೂದಲಿನದೇ ಬ್ಲೀಚು, ತಲೆಗೂದಲಿನದೇ ನೀಲಿ ತಂದೆ. ನಮ್ಮ ಕಾರ್ಖಾನೆಯದನ್ನು ಚರ್ಮಕ್ಕೆ ತಾಗಿಸಬಾರದು ಎಂದಾಗ ದೊಡ್ಡವಳು ಮತ್ತೆ ನನ್ನ ಉಗುರು ನೋಡಿದಳು. ಮೊದಲ ದಿನ ಉಗುರಿನ ಮಾತೆತ್ತಿದ್ದೂ ಇವಳೇ ಇರಬೇಕು. ವಕೀಲಿ ನಾಲಿಗೆ ಇವಳದು. ಸಣ್ಣವಳು ಮಾತಾಡುವುದಕ್ಕಿಂತ ಮುಂಚೆ ಎರಡು ಸಲ ಕೈ ಕೊಡವುತ್ತಾಳೆ, ನೀರು ಕೊಡವಿದ ಹಾಗೆ. ಹಾಲು ನಿಂತೇ ಕುಡಿಯುತ್ತಾಳೆ. ಬ್ರೆಡ್ಡಿನ ಅಂಚನ್ನು ಕೊನೆಗೆ ತಿನ್ನುತ್ತಾಳೆ, ದೊಡ್ಡವಳು ಅಂಚನ್ನು ಅಕ್ಕಪಕ್ಕದವರ ತಟ್ಟೆಗೆ ದಾಟಿಸುತ್ತಾಳೆ. ನನ್ನ ತಟ್ಟೆಯಲ್ಲಿ ಯಾವತ್ತೂ ಅಂಚು ಯಾಕೆ ಜಾಸ್ತಿ ಎಂದು ಈಗ ತಿಳಿಯಿತು.

ಎರಡೂ ಸ್ಯಾಂಪಲಿಗೆ ಬಣ್ಣ ಏರಿಸಿದೆ. ಒಂದನೇ ಒಗೆತ, ಎರಡನೇ ಒಗೆತ ಆಯಿತು.

ಮಾರ್ಚ್ 17, ಭಾನುವಾರ

ಬ್ರೆಡ್ ತರೋಣ ಬಾ ಎಂದು ಸಣ್ಣವಳೊಬ್ಬಳನ್ನೇ ಕರೆದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೀಗೆ ಒಬ್ಬಳನ್ನೇ ಎಲ್ಲಿಗಾದರೂ ಕರೆದುಕೊಂಡು ಹೋದದ್ದು ನನಗೂ ನೆನಪಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಹತ್ತಿರ, ಈ ಬಣ್ಣದ ಹುಚ್ಚು ನಿಜವಾಗಿ ಯಾರದು ಅಂದೆ. ತನ್ನದು ಅಂದಳು. ಯಾಕೆ ಬೇಕು ಎಂದು ಕೇಳಿದೆ. ಗೆಳತಿಯರೆಲ್ಲ ಹಾಕಿಸಿಕೊಂಡಿದ್ದಾರೆ ಅನ್ನುತ್ತಾಳೆಂದು ಕಾದೆ, ಅದಕ್ಕೆ ಉತ್ತರವೂ ಸಿದ್ಧವಿತ್ತು. ಅವಳು ಎರಡು ಸಲ ಕೈ ಕೊಡವಿದಳು.

‘ನೀನು ಜೇಡ ಹುಡುಕೋದು ನಿಲ್ಲಿಸ್ತೀಯ ಅಂತ.’

ನಾನು ರಸ್ತೆ ನೋಡುತ್ತಾ ನಡೆದೆ.

‘ನಮ್ಮನೇಲಿ ಒಂದು ಜೇಡಾನೂ ಇಲ್ಲಪ್ಪ. ಅಮ್ಮ ಇರೋಕೆ ಬಿಡ್ತಾಳಾ?’

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಕತೆ. ಆರನೇ ವರ್ಷಕ್ಕೇ ಇಬ್ಬರಿಗೂ ಗೊತ್ತಾಗಿತ್ತಂತೆ. ಅಪ್ಪನಿಗೆ ಬೇಜಾರಾಗಬಾರದೆಂದು ಏಳು ವರ್ಷದಿಂದ ತಲೆ ಎತ್ತುತ್ತಿದ್ದಾರೆ. ತಪ್ಪಾಯಿತು ಕಣೇ ಅಂದೆ, ಗಡಿಯಾರದ್ದೂ ಗೊತ್ತಾಯಿತು ಅಂದೆ. ಅವಳು ತೋಳು ಮೇಲೆ ಸರಿಸಿ ಗಂಟೆ ನೋಡಿ, ಅಂಗಡಿ ಮುಚ್ಚುತ್ತೆ ಬೇಗ ನಡಿ ಅಂದಳು. ಅಂಗಡಿಯ ತನಕ ಹೋಗಿ ಬ್ರೆಡ್ ತರುವುದನ್ನೇ ಮರೆತು ವಾಪಸು ಬಂದೆವು.

ಸಂಜೆ ದೊಡ್ಡವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಈಜು ಬಾರದವಳು ಅಷ್ಟು ಚೆನ್ನಾಗಿ ವರದಿ ಹೇಗೆ ಒಪ್ಪಿಸುತ್ತಿದ್ದೆ ಎಂದು ಕೇಳಿದೆ. ಸಣ್ಣವಳೇ ಹೇಳಿಕೊಡುತ್ತಿದ್ದಳಂತೆ, ತಪ್ಪು ಹೇಳಿದರೆ ಆಮೇಲೆ ಜಡೆ ಎಳೆಯುತ್ತಿದ್ದಳಂತೆ. ಮೊದಲನೇ ಸಲ ನಾನು ಕೇಳಿದಾಗಲೇ ಸರಿ ಮಾಡಲು ಇವಳು ಹೊರಟಿದ್ದಳು, ಬೇಡ ಅಂದದ್ದು ಸಣ್ಣವಳು. ಹಾಗಾದರೆ ನಿನಗೂ ನೀಲಿ ಬೇಕಾ ಅಂದೆ.

‘ನನಗೇನೂ ಬೇಡ. ಅವಳೊಬ್ಬಳೇ ಕೇಳಿದ್ರೆ, ಕೇಳಿದ್ದು ಯಾರು ಅಂತ ನೀನು ಮರ್ತುಬಿಡ್ತೀಯ. ಅದಕ್ಕೇ ಜೊತೆಗೆ ನಿಂತೆ.’

ಮಾರ್ಚ್ 20, ಬುಧವಾರ

ಹತ್ತು ಒಗೆತ ಮುಗಿದವು. ಒಂದನೇ ಸ್ಯಾಂಪಲ್ ನೀಲಿಯಾಗಿಯೇ ಇದೆ. ಎರಡನೆಯದನ್ನು, ಸಣ್ಣವಳು ಬಾಟಲಿಯಲ್ಲಿ ತಂದ ಈಜುಕೊಳದ ನೀರಿನಲ್ಲಿ ನೆನೆಸಿದ್ದೆ. ಪಾಚಿಯ ಹಸಿರಾಗಿದೆ. ಬೇಡದವಳ ಕೂದಲಿಗೆ ಬಣ್ಣ ನಿಲ್ಲುತ್ತದೆ, ಬೇಕಾದವಳದಕ್ಕೆ ನಿಲ್ಲುವುದಿಲ್ಲ. ಸ್ಯಾಂಪಲ್ ಫೇಲು.

ಎರಡು ವಾರದ ಹಿಂದೆ ಆಗಿದ್ದರೆ ಸಂತೋಷಪಡುತ್ತಿದ್ದೆ. ಇವತ್ತು ಫೇಲಾದ ಎಳೆಯನ್ನು ಮನಸ್ಸಿಲ್ಲದೆ ಅವರ ಮುಂದಿಟ್ಟೆ. ಸಣ್ಣವಳು ಹಸಿರು ಎಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಹಸಿರಾದರೆ ಹಸಿರೇ ಇರಲಿ ಅಂದಳು. ದೊಡ್ಡವಳು, ಪಾಚಿ ಹಿಡಿದ ಕಲ್ಲಿನ ಹಾಗಿದೆ ಅಂದಳು. ಅದು ನನ್ನ ಕಸುಬಿಗೆ ಬಂದ ಮಾತು. ನಾನು ಹಾಕಿದ ಬಣ್ಣವನ್ನು ಯಾರೂ ಪಾಚಿ ಅಂದಿಲ್ಲ.

ಮಾರ್ಚ್ 22, ಶುಕ್ರವಾರ

ನೀಲಿಗೆ ಎಷ್ಟು ಹಳದಿ ಬೆರೆಸಿದರೆ ಈಜುಕೊಳದ ನೀರು ಅದನ್ನು ಕೆಡಿಸುವ ಬದಲು ತಾನೇ ತಿದ್ದುತ್ತದೆ? ಐದು ಸ್ಯಾಂಪಲ್ ಮಾಡಿದೆ. ಎಳೆಗಳಿಗೆ ಸಣ್ಣವಳ ಬಾಚಣಿಗೆಗೆ ಸಿಕ್ಕ ಕೂದಲನ್ನೇ ಆಶ್ರಯಿಸಿದ್ದೇನೆ. ಮೂರನೆಯದು ಚಿಗುರೆಲೆಯ ಹಸಿರು. ಒಗೆದರೆ ಇನ್ನೂ ಚೆನ್ನಾಗುತ್ತದೆ. ಇಂಥ ಶೇಡ್ ಕಾರ್ಖಾನೆಯಲ್ಲೂ ಬಂದಿರಲಿಲ್ಲ. ಮಲಗುವ ಹೊತ್ತಾಯಿತು ಎಂದು ಮಕ್ಕಳೇ ನನಗೆ ಹೇಳಬೇಕಾಯಿತು.

ಮಾರ್ಚ್ 24, ಭಾನುವಾರ

ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಜೇಡದ ವಿಷಯವನ್ನೂ. ತನಗೆ ಮೊದಲಿಂದ ಗೊತ್ತು ಅಂದಳು. ಈ ಮನೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ ಇದ್ದೆ ಅಂತಾಯಿತು. ಬಣ್ಣಕ್ಕೆ ಒಪ್ಪಿದಳು, ಷರತ್ತು ಎರಡು: ಬುಡಕ್ಕೆ ತಾಗಬಾರದು, ತುದಿಯಿಂದ ನಾಲ್ಕು ಬೆರಳು ಮಾತ್ರ. ಯಾರ ಬೆರಳು ಎಂದು ದೊಡ್ಡವಳು ಫೋನು ಕಿತ್ತುಕೊಂಡು ಕೇಳಿದಳು. ಅಮ್ಮ ಹೇಳದಿದ್ದುದರಿಂದ ನನ್ನ ಬೆರಳು ಎಂದು ತೀರ್ಪಾಯಿತು, ಇರುವವರಲ್ಲಿ ದಪ್ಪ ನನ್ನದೇ.

ನಿನ್ನೆಯೇ ಸಣ್ಣವಳ ಮೊಣಕೈಗೆ ಒಂದು ಚುಕ್ಕೆ ಹಚ್ಚಿ ನೋಡಿದ್ದೆ, ತುರಿಕೆ ಬಂದಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೆ ಹಳೆ ಟವೆಲು ಹೊದಿಸಿ, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡೆ. ದೊಡ್ಡವಳು ಗಡಿಯಾರ ಹಿಡಿದು ನಿಮಿಷ ಕೂಗುತ್ತಿದ್ದಳು. ಸಣ್ಣವಳು ಒಂದು ಗಂಟೆ ಅಲುಗಾಡಲಿಲ್ಲ. ಅವಳ ನೆತ್ತಿಯಲ್ಲಿ ಎರಡು ಸುಳಿ ಇವೆ. ಹದಿಮೂರು ವರ್ಷ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ತೊಳೆದು ಒಣಗಿಸಿ ಕನ್ನಡಿ ಕೊಟ್ಟರೆ ಅವಳು ಅದನ್ನು ವಾಪಸೇ ಕೊಡಲಿಲ್ಲ.

ಅಡುಗೆಮನೆಯ ಸಿಂಕಿನಲ್ಲಿ ಹಸಿರು ಕಲೆಯಾಗಿದೆ. ಹೆಂಡತಿ ಬರುವುದರೊಳಗೆ ಹೋಗಬೇಕು.

ಮಾರ್ಚ್ 27, ಬುಧವಾರ

ಸಿಂಕಿನ ಕಲೆ ಹೋಗುತ್ತಿಲ್ಲ. ಒಳ್ಳೆಯ ಬಣ್ಣ.

ಮಾರ್ಚ್ 30, ಶನಿವಾರ

ಅರ್ಧ ದಿನ ರಜೆ ಹಾಕಿ ಈಜು ಸ್ಪರ್ಧೆಗೆ ಹೋದೆ. ಗ್ಯಾಲರಿಯಲ್ಲಿ ದೊಡ್ಡವಳು ನನ್ನ ಪಕ್ಕ ಕೂತಿದ್ದಳು, ಬ್ರೆಡ್ಡಿನ ಅಂಚುಗಳನ್ನು ನನ್ನ ಕೈಗೆ ದಾಟಿಸುತ್ತಾ. ಕೆಳಗೆ ಎಂಟು ಹುಡುಗಿಯರು ಬಂದು ನಿಂತರು. ಎಲ್ಲರಿಗೂ ಬಿಳಿ ಟೋಪಿ, ಕಪ್ಪು ಕನ್ನಡಕ. ನಾನು ಅಷ್ಟು ಕಷ್ಟಪಟ್ಟು ಹಾಕಿದ ಹಸಿರು ಒಂದೆಳೆಯೂ ಹೊರಗೆ ಕಾಣುತ್ತಿರಲಿಲ್ಲ! ಟೋಪಿಯ ವಿಷಯ ಮೊದಲೇ ಯಾರೂ ಹೇಳಿರಲಿಲ್ಲ. ತುಂಬಾ ಬೇಸರವಾಯಿತು.

ಆರನೇ ಲೇನಿನಲ್ಲಿರೋದು ಅವಳು ಎಂದು ದೊಡ್ಡವಳು ಬೆರಳು ತೋರಿಸಿದಳು. ಅಲ್ಲ, ಮೂರನೆಯದು ಅಂದೆ. ಆರು ಅಂತ ಮತ್ತೆ ಹೇಳಿದಳು. ಸುಮ್ಮನಿರು ಅಂದೆ, ಸೀಟಿ ಊದಿದರು. ಎಡಭುಜ ಇನ್ನೂ ಸ್ವಲ್ಪ ಇಳಿಯುತ್ತದೆ, ಆದರೆ ಗೋಡೆ ಮುಟ್ಟಿ ತಿರುಗುವುದು ಚೆನ್ನಾಗಿದೆ. ಮೂರನೇ ಸ್ಥಾನ ಪಡೆದಳು. ನಾನು ಎದ್ದು ನಿಂತು ಕೂಗಿದೆನಂತೆ, ಮುಂದಿನ ಸಾಲಿನವರು ತಿರುಗಿ ನೋಡಿದರಂತೆ.

ಮೂರನೇ ಲೇನಿನವಳು ನೀರಿನಿಂದ ಎದ್ದು ಟೋಪಿ ಕಿತ್ತಳು. ಹಸಿರು ಜಡೆ ಬೆನ್ನ ಮೇಲೆ ಬಿತ್ತು. ಮೇಲೆ ಬಂದವಳೇ ಒದ್ದೆ ತುದಿಯನ್ನು ನನ್ನ ಬಿಳಿ ಷರ್ಟಿಗೆ ಒತ್ತಿ ಒರೆಸಿದಳು. ಒಂದು ಚುಕ್ಕೆಯೂ ಬಿಡಲಿಲ್ಲ. ಆದರೆ ಸ್ಯಾಂಪಲಿಗಿಂತ ಒಂದು ಕೂದಲೆಳೆ ಹಳದಿ ಜಾಸ್ತಿಯಾಗಿದೆ. ಮುಂದಿನ ಸಲ ನೀಲಿ ಸ್ವಲ್ಪ ಹೆಚ್ಚಿಸಬೇಕು. ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಮನೆಯ ಬೀದಿಗೆ ತಿರುಗುವಾಗ ದೊಡ್ಡವಳು ತಡೆದು ನಿಲ್ಲಿಸಿದಳು.

‘ಎಂಟು ಜನಾನೂ ಒಂದೇ ಥರ ಇದ್ರಲ್ಲಪ್ಪ. ಮೂರು ಅಂತ ಹೇಗೆ ಗೊತ್ತಾಯ್ತು?’

ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳೇ ಅಲ್ಲವೇನೇ ನಿಂತಿದ್ದದ್ದು, ಅದರಲ್ಲಿ ಗೊತ್ತಾಗುವುದೇನು ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಣ್ಣವಳು ಎರಡು ಸಲ ಕೈ ಕೊಡವಿ, ನೆತ್ತಿಯ ಮೇಲಿನ ಬರೀ ಆಕಾಶದ ಕಡೆ ಬೆರಳು ಮಾಡಿದಳು.

‘ಅಯ್ಯೋ ಅಪ್ಪಾ, ಜೇಡ.’

ನಾನು ತಲೆ ಎತ್ತಿ ನೋಡಿದೆ. ಏನೂ ಇರಲಿಲ್ಲ. ಕೆಳಗೆ ಇಬ್ಬರೂ ಬಗ್ಗಿ ನನ್ನ ಗದ್ದದ ಅಡಿಯನ್ನು ಪರೀಕ್ಷೆ ಮಾಡುತ್ತಿದ್ದರು. ‘ಹೌದು ಕಣೇ’ ಅಂದಳು ದೊಡ್ಡವಳು, ‘ನಮ್ಮಪ್ಪನೇ.’